ತಂಪು ಕಾರಿನ ಬಿಸಿ ಗಾಳಿ

ಆವತ್ತು ಬೆಳಿಗ್ಗೆ ಎಂಟಾಗುವಷ್ಟರಲ್ಲೇ ಇಂಡಿ ಪಟ್ಟಣದ ಬಿಸಿಲು ಅಂಗಳದ ಫರಸಿಕಲ್ಲನ್ನು ಕಾಯಿಸಿಬಿಟ್ಟಿತ್ತು. ನಸುಕಿನಲ್ಲಿ ಒಂದಿಷ್ಟು ಮೋಡ ಕಟ್ಟಿ, ನಾಲ್ಕು ಹನಿ ಸುರಿಸುವಂತೆ ಮಾಡಿ, ಹೊತ್ತೇರುತ್ತಲೇ ಎತ್ತಲೋ ಸರಿದುಹೋಗಿತ್ತು. ಅದು ಬಿಟ್ಟುಹೋದ ಕುದಿಯಷ್ಟೇ ಉಳಿದಿತ್ತು. ಬೇವಿನ ಗಿಡದ ಒಂದೆಲೆಯೂ ಅಲುಗುತ್ತಿರಲಿಲ್ಲ. ಅದರ ಕೆಳಗೆ, ಬಾನೆಟ್ಟು ತೆರೆದ ಬಿಳಿ ಕಾರಿನ ಮುಂದೆ ಬನಿಯನ್ನಿನಲ್ಲಿ ನಿಂತಿದ್ದ ಬಸಂತರಾಯ. ಲಿಂಗಪೂಜೆಯನ್ನೂ ಅವಸರದಲ್ಲೇ ಮುಗಿಸಿ ಬಂದಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

ಹತ್ತಕ್ಕೆ ವಿಜಯಪುರಕ್ಕೆ ಹೊರಡಬೇಕಿತ್ತು. ಹೆಂಡತಿ ಸುಮಿತ್ರಾಬಾಯಿಯ ಎರಡೂ ಕಿಡ್ನಿ ಸೋತು ಹನ್ನೊಂದು ತಿಂಗಳಾಗಿತ್ತು. ಸೋಮವಾರ, ಗುರುವಾರ ನಾಲ್ಕು ತಾಸು ಡಯಾಲಿಸಿಸ್ ಮಶಿನ್ನಿಗೆ ಕೈಕೊಟ್ಟು ಮಲಗಬೇಕು. ರಕ್ತ ತೊಳೆಸಿಕೊಂಡು ಬರಬೇಕು. ಮೊದಮೊದಲು ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಒಂದು ದಿನ ಮರಳುವಾಗ ಕಿಟಕಿಯ ಝಳಕ್ಕೆ ಆಕೆ ಸೀಟಿನಲ್ಲೇ ಕುಸಿದಳು. ನಿಂಬೆ ವ್ಯಾಪಾರದ ಬಸಂತರಾಯ ಎಂಟು ದಿನದೊಳಗೆ ಈ ಹಳೆಯ ಕಾರು ತಂದ. ಬಣ್ಣ ಕೇಳಲಿಲ್ಲ, ಎಷ್ಟು ಓಡಿದೆ ಕೇಳಲಿಲ್ಲ. ಎಸಿ ಹಚ್ಚಿಸಿ ಮುಖವೊಡ್ಡಿ ನೋಡಿದ, ಅಷ್ಟೇ. ಮೊದಲ ಸವಾರಿ ಬಸವನ ಬಾಗೇವಾಡಿಗೆ ಮಾಡಿಸಿ, ಮರುದಿನ ನಿಂಬೆ ಹರಾಜು ನಡೆಯುವ ಸವಾಲಿನ ಕಟ್ಟೆಯ ಮೇಲೆ ಪೇಢೆ ಹಂಚಿ, "ನಮ್ಮಾಕಿ ಇನ್ನ ಬಿಸಲ ಗಾಳಿ ಉಣ್ಣೂದಿಲ್ಲ" ಎಂದು ನಾಲ್ಕು ಊರಿನ ಮಂದಿಗೆ ಸಾರಿದ.

ಆ ಮಾತೇ ಈಗ ಅವನನ್ನು ಕುಟುಕುತ್ತಿತ್ತು. ಎರಡು ತಿಂಗಳಿಂದ ಎಸಿ ಉಗುಳುತ್ತಿದ್ದುದು ಬೆಚ್ಚಗಿನ ಗಾಳಿ. ಹಿಂದಿನ ಓಣಿಯ ಮೆಕ್ಯಾನಿಕ್ ಜುಲ್ಫಿಕರ ಮೂರು ಸಲ ಬಂದು ನೋಡಿ ಹೋಗಿದ್ದ. ಬಂದಾಗೊಮ್ಮೆ "ಸಾಮಾನು ತರಸಬೇಕ್ರಿ, ಒಂದ ವಾರ ತಡೀರಿ" ಎನ್ನುತ್ತಿದ್ದ. ಇವತ್ತು ಬೆಳಿಗ್ಗೆ ಬಸಂತರಾಯ ಫೋನಿನಲ್ಲೇ ಅವನ ಬೆವರಿಳಿಸಿದ್ದ.

ಜುಲ್ಫಿಕರ ಸ್ಕೂಟರ್ ನಿಲ್ಲಿಸಿ ಬಂದ. ಮೊದಲು ನೋಡಿದ್ದು ಕಾರನ್ನಲ್ಲ. ಕಟ್ಟೆಯ ಮೇಲೆ ದವಾಖಾನೆಯ ಚೀಲ ಇಟ್ಟುಕೊಂಡು ಕೂತಿದ್ದ ಸುಮಿತ್ರಾಬಾಯಿಯನ್ನು.

"ಬಾರಪಾ ಇಂಜಿನಿಯರ, ಬಾ. ಕೈ ಬೀಸಕೋತ ಬಂದಿ? ಹತಿಯಾರ ಎಲ್ಲಿ ಒತ್ತಿ ಇಟ್ಟಿ?" ಎಂದ ಬಸಂತರಾಯ.

"ಇವತ್ತ ಹೋಗಿ ಬರ್ರಿ ಸಾವ್ಕಾರ್ರ. ನಾಳೆ ನಿರಾಳಾಗಿ ನೋಡೂಣು."

"ನಿನ್ನ ನಾಳೆ ಎರಡ ತಿಂಗಳಾತು! ಇಲ್ಲಿ ಬಾ." ಓಡುತ್ತಿದ್ದ ಇಂಜಿನ್ನಿನ ಬದಿಗೆ ಅವನ ರಟ್ಟೆ ಹಿಡಿದು ಎಳೆದ. "ಈ ಪೈಪ ಮುಟ್ಟು. ಥಣ್ಣಗ ಐತಿಲ್ಲೊ? ನೀರ ಹನಿ ನಿಂತಾವಿಲ್ಲೊ? ನಾನೂ ಇಪ್ಪತ್ತ ವರ್ಷ ಪಂಪ್‌ಸೆಟ್ ಬಿಚ್ಚಿ ಕಟ್ಟೀನಿ. ಇಲ್ಲಿ ಥಂಡಿ ಹುಟ್ಟಾಕತ್ತೈತಿ. ಒಳಗ ಬಿಸಿ ಬರಾಕತ್ತೈತಿ. ನಡುವಿನ ಕಳ್ಳ ಯಾರು?"

ಜುಲ್ಫಿಕರ ಪೈಪಿನಿಂದ ಕೈ ತೆಗೆದು ಕಟ್ಟೆಯ ಕಡೆ ನೋಡಿದ.

"ಹೋಗ್ಲಿ ಬಿಡ್ರಿ. ನನಗೇನೂ ತ್ರಾಸಿಲ್ಲ" ಎಂದಳು ಸುಮಿತ್ರಾಬಾಯಿ.

"ನೀ ಸುಮ್ಮಕಿರು. ನಿನಗ ಏನ ತಿಳೀತೈತಿ!"

ಸಿಟ್ಟು ಬಂದವನಿಗೆ ಕೈಗೊಂದು ಕೆಲಸ ಸಿಕ್ಕರೆ ಒಂದು ಗಳಿಗೆ ಸಮಾಧಾನ. ಬಸಂತರಾಯ ಇಂಜಿನ್ ಆರಿಸಿ, ಸ್ಕ್ರೂ ಡ್ರೈವರ್ ಹಿಡಿದು, ಎಡಗಡೆಯ ಸೀಟಿನ ಮುಂದಿನ ಖಾನೆಯನ್ನು ಬಿಚ್ಚತೊಡಗಿದ. "ಅದನ್ನ ಬಿಚ್ಚಬ್ಯಾಡ್ರಿ" ಎಂದು ಜುಲ್ಫಿಕರ ಎರಡು ಸಲ ಅಂದ. ಮೂರನೆಯ ಸಲ ಅನ್ನುವಷ್ಟರಲ್ಲಿ ಖಾನೆ ಕಳಚಿ ಬಂತು. ಬಸಂತರಾಯ ಬೆನ್ನು ಕೆಳಗೆ ಮಾಡಿ ಹೊರಳಿ, ಮೊಬೈಲಿನ ಬ್ಯಾಟರಿ ಹಚ್ಚಿ, ಆ ಕತ್ತಲೆ ಸಂದಿಯಲ್ಲಿ ತಲೆ ತೂರಿಸಿದ.

ಒಳಗೊಂದು ಸಣ್ಣ ಬಾಗಿಲಿರುತ್ತದೆ. ಡ್ಯಾಶ್‌ಬೋರ್ಡಿನ ನಾಬು ತಿರುವಿದರೆ ಕೇಬಲ್ ಎಳೆದು ಆ ಬಾಗಿಲು ಒಮ್ಮೆ ಬಿಸಿಗೆ, ಒಮ್ಮೆ ತಂಪಿಗೆ ದಾರಿ ಬಿಡುತ್ತದೆ. ಇಲ್ಲಿ ಬಾಗಿಲ ಹಿಡಿಕೆಯನ್ನು ತಾಮ್ರದ ತಂತಿಯಿಂದ ಬಿಸಿಗೂ ತಂಪಿಗೂ ನಡುಮಧ್ಯೆ ಬಿಗಿದು ಕಟ್ಟಲಾಗಿತ್ತು. ಕೇಬಲ್ ಬಿಡಿಯಾಗಿ ಜೋಲುತ್ತಿತ್ತು. ಅದನ್ನು ಹಿಡಿದಿಡುವ ಕ್ಲಿಪ್ಪೇ ಇರಲಿಲ್ಲ. ತಂತಿಯ ಸುತ್ತು ಅಚ್ಚುಕಟ್ಟಾಗಿತ್ತು. ಬಲ್ಲವರ ಕೈ.

ತಂತಿಯನ್ನು ಕಿತ್ತು ಹಿಡಿದುಕೊಂಡು ಹೊರಗೆ ಬಂದವನ ಕಣ್ಣು ಕೆಂಪಾಗಿದ್ದವು.

"ಇದ ಕೆಟ್ಟಿದ್ದಲ್ಲ. ಕೆಡಿಸಿದ್ದು!"

"ಸಾವ್ಕಾರ್ರ..."

"ಸಾವ್ಕಾರ ಅನಬ್ಯಾಡ ನನಗ! ಜಡ್ಡಿನ ಹೆಣ್ಣಮಗಳು ಕುಂಡ್ರೂ ಗಾಡ್ಯಾಗ ಇಂಥಾ ಹಲ್ಕಟ್ ಕೆಲಸ ಮಾಡ್ತಿಯೇನಲೇ ಜುಲ್ಫ್ಯಾ? ಇವತ್ತ ನಿಂಬಿಕಾಯಿ ಸವಾಲಿನ್ಯಾಗ ನಿಂತ ಒದರತೇನಿ. ಒಂದ ಟೆಂಪೊ ನಿನ್ನ ಅಂಗಡಿ ಮುಂದ ಬಂದ ನಿಂತ್ರ ನನ್ನ ಹೆಸರ ಬಸಂತರಾಯ ಅಲ್ಲ."

ಜುಲ್ಫಿಕರನ ದವಡೆ ಬಿಗಿಯಿತು. "ಒದರ್ರಿ. ಆದ್ರ ಹಲ್ಕಟ್ ಅನಬ್ಯಾಡ್ರಿ. ನಮ್ಮಪ್ಪನ ಕಾಲದಿಂದ ಈ ಮನಿ ಮಶಿನ್ ಮುಟ್ಟೇವಿ, ಒಂದ ನಟ್ ಆಚೀಚೆ ಆಗಿಲ್ಲ."

"ಮತ್ತ ಇದೇನು? ನಿಮ್ಮಪ್ಪ ಬಂದ ಕಟ್ಟಿದನೇನು?" ಬಸಂತರಾಯ ಅವನ ಕೊರಳಪಟ್ಟಿಗೆ ಕೈ ಹಾಕಿದ. ಜುಲ್ಫಿಕರ ಆ ಕೈಯನ್ನು ತಳ್ಳಬಹುದಿತ್ತು, ಆಳು ಗಟ್ಟಿಯಾಗಿದ್ದ. ತಳ್ಳಲಿಲ್ಲ.

"ಬಿಡ್ರಿ ಅವನ್ನ."

ಸುಮಿತ್ರಾಬಾಯಿ ಎದ್ದು ನಿಂತಿದ್ದಳು. ಆಕೆಯ ದನಿ ಹಾಗೆ ಏರಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

"ಬಿಡ್ರಿ ಅಂದೆ. ನಾನ ಮಾಡಿಸೀನಿ."

"ಏನು?"

"ನಾನ ಕಟ್ಟಿಸೀನಿ ಆ ತಂತಿ. ಅವ ಒಲ್ಲೆ ಒಲ್ಲೆ ಅಂದ. ನನ್ನ ತಲಿ ಮ್ಯಾಲ ಅವನ ಕೈ ಇಡಿಸಿ ಆಣಿ ತೊಗೊಂಡೆ, ನಿಮ್ಮ ಮುಂದ ಬಾಯಿ ಬಿಡಬ್ಯಾಡ ಅಂತ. ಅದಕ್ಕ ಬೈಸಿಕೊಂಡ ನಿಂತಾನ. ಇಲ್ಲಾಂದ್ರ ನಿಮ್ಮ ಬೈಗಳಾ ಯಾರ ಕೇಳತಾರ?"

ಬಸಂತರಾಯನ ಕೈ ತಾನಾಗಿಯೇ ಸಡಿಲಾಯಿತು. "ನಿನಗ ತಲಿ ಕೆಟ್ಟೈತೇನ ಸುಮಿತ್ರಾ? ನಿನ್ನ ಸಲವಾಗಿ ತಂದ ಗಾಡಿ ಇದು! ನಿನ್ನ ಸಲವಾಗಿ!"

"ಹೌದು, ಊರ ತುಂಬ ಹೇಳೀರಿ." ಆಕೆ ಡಯಾಲಿಸಿಸ್ಸಿನ ಸೂಜಿಗೆಂದು ಕೊಯ್ದು ಹೊಲಿಗೆ ಹಾಕಿದ್ದ ಎಡಗೈಯನ್ನು ಎದೆಗವಚಿಕೊಂಡಳು. "ಮಶಿನ್ಯಾಗ ಸುತ್ತಿ ಬಂದ ರಕ್ತ ಥಣ್ಣಗ ಇರತೈತ್ರಿ. ಎಲುವಿನ್ಯಾಗ ಚಳಿ ಹೊಕ್ಕಿರತೈತಿ. ಅದರ ಮ್ಯಾಲ ನೀವು ಎಲ್ಲಾ ಕಿಂಡಿ ನನ್ನ ಕಡೇನ ತಿರುವಿ, 'ತೊಗೊ, ಥಂಪ ತೊಗೊ' ಅಂತಿದ್ರಿ. ಇಂಡಿ ಬರೂಮಟಾ ಹಲ್ಲ ಕಡಕೊಂಡ ಕುಂತಿರತಿದ್ದೆ."

"ಹೇಳಬೇಕಿತ್ತು ನನಗ!"

"ಹೇಳೀನಿ! ಎರಡ ಸಲ ಹೇಳೀನಿ. 'ಬ್ಯಾಸಗ್ಯಾಗ ಚಳಿ ಅಂತ! ರೂಢಿ ಆಕ್ಕೈತಿ' ಅಂದ್ರಿ. ಮರುದಿನ ಸವಾಲಿನ್ಯಾಗ, 'ನಮ್ಮಾಕಿಗೆ ಗಾಡ್ಯಾಗ ಕಾಶ್ಮೀರ ಆಗೇತಿ' ಅಂತ ಹೇಳಿ ನಕ್ರಿ. ಅಲ್ಲಿ ನಿಂಬಿಕಾಯಿ ಆರಿಸೊ ಸೈದಾಬಿ ಬಂದ ನನ್ನ ಮುಂದ ಆಡಿ ತೋರಿಸಿದ್ಲು. ಮೂರನೇ ಸಲ ಯಾವ ಬಾಯಿಲೆ ಹೇಳಲಿ?"

"ಎರಡ ತಿಂಗಳಾತು ಆ ಬಿಸಿ ಗಾಳ್ಯಾಗ ಬೆವತ ಬೆವತ ಗಾಡಿ ಹೊಡದೇನಿ ನಾನು!"

"ನೀವು ಬೆವತದ್ದ ನಾ ಕಂಡೇನಿ. ನಾ ನಡುಗಿದ್ದ ನೀವು ಕಂಡಿರೇನು?"

ಬಸಂತರಾಯ ತೆರೆದ ಬಾನೆಟ್ಟನ್ನು ಧಡ್ ಎಂದು ಬಡಿದು ಮುಚ್ಚಿದ. ಬೇವಿನ ಮೇಲಿನ ಹಕ್ಕಿಗಳು ಹಾರಿಹೋದವು. ಸಿಟ್ಟಿಗೆ ಎದುರಿಗೊಬ್ಬ ಮನುಷ್ಯ ಬೇಕು. ಇಷ್ಟು ಹೊತ್ತು ಇದ್ದ. ಈಗ ಯಾರನ್ನು ನೋಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕಾರಿನ ಬಾನೆಟ್ಟಿಗೇ ಕೈಯೂರಿ, ತಲೆ ತಗ್ಗಿಸಿ ನಿಂತ. ಕಾದ ತಗಡು ಅಂಗೈ ಸುಡುತ್ತಿದ್ದರೂ ತೆಗೆಯಲಿಲ್ಲ.

"ಆ ಕ್ಲಿಪ್ ಎಲ್ಲೈತಿ?" ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ.

ಜುಲ್ಫಿಕರ ಸ್ಕೂಟರಿನ ಪೆಟ್ಟಿಗೆಯಿಂದ ಕಾಗದದಲ್ಲಿ ಸುತ್ತಿದ್ದ ಕ್ಲಿಪ್ಪು ತಂದ. "ಅಕ್ಕಾರ, ಹಚ್ಚಲೇನ್ರಿ?" ಎಂದು ಸುಮಿತ್ರಾಬಾಯಿಯನ್ನು ಕೇಳಿದ. ಆಕೆ ಗಂಡನ ಬೆನ್ನನ್ನು ಒಂದು ಗಳಿಗೆ ನೋಡಿ, "ಹಚ್ಚು" ಎಂದಳು. ಹತ್ತು ನಿಮಿಷದಲ್ಲಿ ಜುಲ್ಫಿಕರ ಕೇಬಲ್ ಸಿಕ್ಕಿಸಿ, ಖಾನೆ ಕೂರಿಸಿ, ಕೈ ಒರೆಸಿಕೊಂಡ.

"ಚಾ ಕುಡದ ಹೋಗು" ಎಂದ ಬಸಂತರಾಯ.

"ಇವತ್ತ ಬ್ಯಾಡ್ರಿ" ಎಂದು ಜುಲ್ಫಿಕರ ಕೊರಳಪಟ್ಟಿ ಸರಿಮಾಡಿಕೊಂಡು ಸ್ಕೂಟರ್ ಹತ್ತಿದ. ಓಣಿಯ ತಿರುವಿನವರೆಗೂ ಹಿಂದೆ ನೋಡಲಿಲ್ಲ.

ಹತ್ತಾಗುತ್ತ ಬಂದಿತ್ತು. ಬಸಂತರಾಯ ಅಂಗಿ ತೊಟ್ಟು ಬಂದು ಸ್ಟೀರಿಂಗಿನ ಮುಂದೆ ಕೂತು ಇಂಜಿನ್ ಚಾಲೂ ಮಾಡಿದ. ನಾಬು ಒಂದು ಕಡೆ ತಿರುವಿದ, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಇನ್ನೊಂದು ಕಡೆ ತಿರುವಿದ, ಬೆಚ್ಚಗಾಯಿತು. ಸುಮಿತ್ರಾಬಾಯಿ ಪಕ್ಕದ ಸೀಟಿನಲ್ಲಿ ಕೂತು, ಚೀಲವನ್ನು ಕಾಲ ಬಳಿ ಇಟ್ಟು, ಬಾಗಿಲು ಎಳೆದುಕೊಂಡಳು. ಸಿಟ್ಟು ಆಕೆಯ ಮುಖದಿಂದ ಇನ್ನೂ ಇಳಿದಿರಲಿಲ್ಲ. ರಸ್ತೆಯ ಕಡೆಗೇ ನೋಡುತ್ತಿದ್ದಳು.

ಬಸಂತರಾಯ ಆ ಕರಿಯ ನಾಬನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಒತ್ತಿದರೆ ಮತ್ತೆ ಕೂರುವಂಥದ್ದು, ಟಕ್ಕನೆ ಕಳಚಿ ಕೈಗೆ ಬಂತು. ಏನೂ ಹೇಳದೆ ಅದನ್ನು ಆಕೆಯ ಬಲ ಅಂಗೈಯಲ್ಲಿಟ್ಟು, ಗೇರು ಹಾಕಿದ.