ನೀರು ಬಂದ ಮನೆ

“ಏ ಬೋಳಿಮಗಳ, ಆ ದೀಪ ಆರಸು ಮೊದ್ಲ! ಗಿರಾಕಿ ಬರೋ ಹೊತ್ತಿಗಿ ನನ್ನ ಮನೀನ ಸುಡಗಾಡ ಮಾಡ್ಕೊಂಡು ಕುಂತೀಯಲ್ಲ!”

ಅಣವೀರಪ್ಪ ಸಾಹುಕಾರ ಚಪ್ಪಲಿ ಕಾಲಲ್ಲೇ ಒಳಗೆ ಬಂದಿದ್ದ. ಮನೆ ಅವನದು, ಚಪ್ಪಲಿ ಅವನದು, ಕೇಳುವವರು ಯಾರು? ನಾವು ಬಾಡಿಗೆಯವರು. ನನ್ನ ಗಂಡ ಸೈಬಣ್ಣ ಗಂಜ್ ಮಾರುಕಟ್ಟೆಯಲ್ಲಿ ಅವನದೇ ಅಡತ್ ಅಂಗಡಿಯ ತೊಗರಿ ಚೀಲ ಹೊರುತ್ತಾನೆ. ನಾನು ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ ಅವನ ಬಂಗಲೆಯಲ್ಲಿ ಕಸಮುಸುರೆ ಮಾಡುತ್ತೇನೆ. ನಮ್ಮ ಕೂಳು, ಸೂರು ಎರಡರ ಜುಟ್ಟೂ ಅವನ ಕೈಯಲ್ಲೇ.

“ಕಾರ್ಯ ಮುಗಿಯೋತನಾ ಇಡಬೇಕ್ರಿ ಸಾವ್ಕಾರ್ರ,” ಎಂದೆ. “ಜೀವ ಹೋದ ಜಾಗದಾಗ ದೀಪ ಇರ್ಲಿಲ್ಲಂದ್ರ ಕೂಸು ಕತ್ತಲದಾಗ ದಾರಿ ಹುಡಕ್ತದ.”

“ಜೀವ ಇಲ್ಲೆಲ್ಲಿ ಹೋಗ್ಯದ? ನಾಲಾದಾಗ ಹೋಗ್ಯದ. ಪಂಚನಾಮಿಗಿ ಬಂದ ಸಾಹೇಬಗ ನಾನೇ ಹೇಳೀನಿ, ಹುಡುಗಿ ನೀರ ನೋಡಾಕ ಹೋಗಿ ಕಾಲ ಜಾರಿ ಬಿದ್ದಾಳಂತ. ಮನ್ಯಾಗ ಹೆಣ ಬಿದ್ದದಂತ ಗೊತ್ತಾದ್ರ ನಿಮ್ಮಪ್ಪ ಕೊಳ್ತಾನೇನ್ ಈ ಮನಿ?”

ಹಾಗೆಂದು ಕಿಟಕಿಯ ಕೆಳಗಿದ್ದ ಹಣತೆಯನ್ನು ಚಪ್ಪಲಿಯ ತುದಿಯಿಂದ ಮೂಲೆಗೆ ನೂಕಿದ. ಎಣ್ಣೆ ನೆಲದ ಫರ್ಸಿ ಕಲ್ಲಿನ ಮೇಲೆ ಹರಿದು ಬತ್ತಿ ಆರಿತು. ಸೈಬಣ್ಣ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಚೀಲ ಹೊತ್ತು ಹೊತ್ತು ಬಗ್ಗಿದ ಕತ್ತು, ಮಗಳಿಗಾಗಿಯೂ ಮೇಲೇಳಲಿಲ್ಲವಲ್ಲ ಎಂದು ಅಳು ಬಂತು.

ನಮ್ಮ ಓಣಿ ಬ್ರಹ್ಮಪುರ ದಾಟಿ ನಾಲಾದ ಕಡೆಗೆ ಇಳಿಯುತ್ತದೆ. ಈ ಸಲದ ಮಳೆಗೆ ನಾಲಾ ತಾನೇ ಮೇಲೇರಿ ಓಣಿಗೆ ಬಂತು. ಅಂದಿನಿಂದ ಇಲ್ಲಿಯ ಮನೆಗಳನ್ನು ಕೇಳುವವರಿಲ್ಲ. ಮೊದಲು ಜಿಗಣೆಯ ಹಾಗೆ ಅಂಟಿಕೊಳ್ಳುತ್ತಿದ್ದ ದಲಾಲರು ಈಗ ಸಾಹುಕಾರನ ಫೋನೂ ಎತ್ತುವುದಿಲ್ಲ. ಅಂಥದರಲ್ಲಿ ದೂರದ ಕಮಲಾಪುರದಿಂದ ಒಬ್ಬ ಗಿರಾಕಿ ಸಿಕ್ಕಿದ್ದ, ನೀರಿನ ಸುದ್ದಿ ತಿಳಿಯದವನು.

ಬಣ್ಣದ ಮೈಬೂಬ ಗೋಡೆಗೆ ಹಸಿರು ಬಣ್ಣ ಹೊಡೆಯುತ್ತಿದ್ದ. “ಸಾವ್ಕಾರ್, ಗೋಡಿ ಇನ್ನೂ ಹಸಿ ಅದ. ಬಣ್ಣ ನಿಲ್ಲಂಗಿಲ್ಲ,” ಎಂದ.

“ಇವತ್ತೊಂದಿನ ನಿಂತ್ರ ಸಾಕಲೇ. ಮುಂದ ಕೊಂಡವನ ಹಣೇಬರಹ.”

ನೀರು ನಿಂತ ಗೆರೆ ನನ್ನ ಎದೆಮಟ್ಟಕ್ಕಿತ್ತು. ನನ್ನ ಸೌಂದರ್ಯಾ ನನ್ನ ಸೊಂಟದವರೆಗೆ ಬರುತ್ತಿದ್ದಳು. ಆ ಗೆರೆ ಮುಚ್ಚಿ ಮುಗಿಯುವ ತನಕ ಮೈಬೂಬ ನನ್ನ ಮುಖ ನೋಡಲಿಲ್ಲ.

ಸಾಹುಕಾರ ದನಿ ತಗ್ಗಿಸಿದ. “ನೋಡು ಚಂದಮ್ಮ, ಗಿರಾಕಿ ಕೇಳಿದ್ರ ನೀನೇ ಹೇಳ್ಬೇಕು, ನೀರು ಹೊಸ್ತಿಲಕೂ ಬಂದಿಲ್ಲ ಅಂತ. ಇದ್ದವರ ಬಾಯಿಂದ ಬಂದ್ರ ನಂಬಿಕಿ ಇರ್ತದ. ಹಂಗ ಹೇಳಿದಿ, ಗೋದಾಮಿನ ಹಿಂದಿನ ಖೋಲಿ ನಿಮಗ. ಬಾಯಿ ಬಿಟ್ಟಿ, ನಿನ್ನ ಗಂಡ ನಾಳಿಂದ ಗಂಜಿಗಿ ಕಾಲಿಟ್ಟು ನೋಡ್ಲಿ.”

ಹೊಸ್ತಿಲಿಗೂ ಬಂದಿಲ್ಲವಂತೆ. ನೀರು ಬಂದ ದಿನ ಬೆಳಿಗ್ಗೆ ಸಾಹುಕಾರನ ಹೆಂಡತಿಯೇ ನನಗೆ ಫೋನು ಮಾಡಿದ್ದಳು. “ಚಂದಮ್ಮ, ಓಡಿ ಬಾ, ನಮ್ಮ ಕಾರ್ ನಿಲ್ಲಸೋ ಜಾಗದಾಗ ನೀರು ತುಂಬ್ಯಾವ.” ಕೂಸು ಒಬ್ಬಳೇ ಇದ್ದಾಳೆ ಎಂದರೆ, “ಚಿಲಕ ಹಾಕಿ ಬಾ, ಎಲ್ಲಿ ಹೋಗ್ತಾಳ?” ಎಂದಳು. ನಮ್ಮ ಓಣಿಯಲ್ಲಿ ಕೂಲಿಗೆ ಹೋಗುವ ತಾಯಂದಿರೆಲ್ಲ ಹೊರಗಿನಿಂದ ಚಿಲಕ ಹಾಕಿಯೇ ಹೋಗುವುದು. ಇಲ್ಲದಿದ್ದರೆ ಮಕ್ಕಳು ನಾಲಾದ ದಂಡೆಗೆ ಓಡುತ್ತವೆ. ನೀರಿನಿಂದ ಕಾಯುವುದಕ್ಕೆಂದೇ ಹಾಕಿದ ಚಿಲಕ ಅದು. ಖೂಬಾ ಪ್ಲಾಟಿನಲ್ಲಿ ನಾನು ಸಾಹುಕಾರನ ಕಾರಿನ ಗಾಲಿ ಕಾಣುವ ತನಕ ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದೆ. ಹೊತ್ತಿಗೆ ಸರಿಯಾಗಿ ಬಿಸಿ ಚಹಾನೂ ಕೊಟ್ಟರು, ಸುಳ್ಳೇಕೆ ಹೇಳಲಿ.

ತಿರುಗಿ ಬಂದಾಗ ಓಣಿ ಇರಲಿಲ್ಲ, ನಾಲಾ ಇತ್ತು. ನೆರೆಮನೆಯ ಲಾಲ್ ಅಹ್ಮದ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಚಿಲಕ ತೆಗೆದರೂ ನೀರಿಗೆ ಉಬ್ಬಿದ ಬಾಗಿಲು ತೆರೆಯದೆ, ಅವನೂ ಸೈಬಣ್ಣನೂ ಅದನ್ನು ಮುರಿದರು. ಕೂಸು ಟ್ರಂಕಿನ ಮೇಲೆ ಹಾಸಿಗೆ ಒಟ್ಟಿ ಹತ್ತಿತ್ತು. ನೀರು ಟ್ರಂಕನ್ನೇ ಉರುಳಿಸಿತ್ತು. ಕಮಲಾಪುರ ನಮ್ಮ ಊರು, ಅಲ್ಲಿಗೇ ಒಯ್ದು ಮಣ್ಣು ಕೊಟ್ಟೆವು. ಆ ಕೆಂಪು ಮಣ್ಣಿನ ಕುಣಿಯಲ್ಲೂ ನೀರು ಒಸರುತ್ತಿತ್ತು. ಸೈಬಣ್ಣ ಕುಣಿಗಿಳಿದು ತಂಬಿಗೆಯಿಂದ ಮೊಗೆದ, ಮೊಗೆದಷ್ಟೂ ಬರುತ್ತಿತ್ತು. ಕಡೆಗೆ ನೀರಿನಲ್ಲೇ ಮಲಗಿಸಿದೆವು.

ಮಧ್ಯಾಹ್ನ ಗಿರಾಕಿ ಬಂದರು. ವಿವೇಕಾನಂದ ಮಾಸ್ತರ, ಅವರ ಹೆಂಡತಿ ಅಂಬಿಕಾ, ಜೊತೆಗೆ ಚೀಂವ್ ಚೀಂವ್ ಎನ್ನುವ ಬೂಟಿನ ಪುಟ್ಟ ಹುಡುಗಿ. ಮಾಸ್ತರಿಗೆ ಕಮಲಾಪುರದಿಂದ ಕಲಬುರಗಿಗೆ ವರ್ಗವಾಗಿತ್ತಂತೆ. ಬಿಸಿಲಲ್ಲಿ ಬಂದಿದ್ದರು, ಪಾಪ ಎಂದು ನೀರು ಕೊಟ್ಟೆ.

“ನೀವೂ ನಮ್ಮೂರವರೇನು?” ಮಾಸ್ತರ ಖುಷಿಯಾದರು. “ಯಾರ ಪೈಕಿ?”

ಹೇಳಿದೆ. ಅಂಬಿಕಾ ತುಟಿಯವರೆಗೆ ತಂದ ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟಳು.

“ಬಿಟ್ಟು ಹೋಗ್ತಾರ್ರಿ ಇವ್ರು,” ಸಾಹುಕಾರ ಅವಸರ ಮಾಡಿದ. “ಅಯ್ಯನವರನ್ನ ಕರಸಿ ಮನಿ ಶುದ್ಧ ಮಾಡಿಸಿ ಕೊಡ್ತೀನಿ.”

ಮಾಸ್ತರ ಗೋಡೆ ಮುಟ್ಟಿ ನೋಡಿದರು. ಬೆರಳಿಗೆ ಬಣ್ಣ ಬಂತು. “ನಾಲಾ ಹತ್ರ ಅದಲ್ರೀ. ಮಳಿಗಾಲದಾಗ ನೀರು?”

“ನೀವೇ ಕೇಳ್ರಿ, ಇದ್ದವರು ಇಲ್ಲೇ ಅದಾರ. ಏ ಚಂದಮ್ಮ, ಹೇಳು.”

ಹೇಳುವವಳೇ ಇದ್ದೆ. ಸತ್ತವಳು ತಿರುಗಿ ಬರುವುದಿಲ್ಲ, ಇದ್ದವರಿಗೆ ಒಂದು ಖೋಲಿಯಾದರೂ ಸಿಗಲಿ ಎಂದು ಮನಸ್ಸು ಗಟ್ಟಿ ಮಾಡಿದ್ದೆ. ಆದರೆ ಆ ಹುಡುಗಿ ಬೂಟು ಸದ್ದು ಮಾಡುತ್ತ ಓಡಿಬಂದು, ಕಿಟಕಿಯ ಕೆಳಗೆ ಎಣ್ಣೆ ಚೆಲ್ಲಿದ ಜಾಗದಲ್ಲೇ ಕುಳಿತು ಫರ್ಸಿ ಬಡಿಯುತ್ತ ನಕ್ಕಿತು.

“ಎತ್ಕೋರೀ ಅವ್ವ ಕೂಸಿನ್ನ!” ನನ್ನ ಬಾಯಿಂದ ಬಂದುಬಿಟ್ಟಿತು. “ಅಲ್ಲೇ ನನ್ನ ಮಗಳು ನೀರಾಗ ಜೀವ ಬಿಟ್ಟಾಳ. ನನ್ನೆದಿಮಟ ಬಂದಿತ್ರೀ ನೀರು. ನಿಮ್ಮ ಕಾಲ ಬೀಳ್ತೀನಿ, ಈ ಮನಿಗಿ ಕೂಸಿನ್ನ ತರಬ್ಯಾಡ್ರಿ.”

ಅಂಬಿಕಾ ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ಸಾಹುಕಾರ ನನ್ನ ತಾಯಿ, ನನ್ನ ಜಾತಿ, ನನ್ನ ಬಸಿರು ಒಂದನ್ನೂ ಬಿಡದೆ ಬೈದ. ನನಗೆ ಏನೂ ಅನ್ನಿಸಲಿಲ್ಲ. ಒಂದು ಕೂಸಾದರೂ ಉಳಿಯಿತು ಎಂದು ಎದೆ ಹಗುರಾಗಿತ್ತು.

ಮಾಸ್ತರ ಮಾತ್ರ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಬೆರಳಿನ ಬಣ್ಣ ಒರೆಸಿಕೊಂಡರು. “ಹಂಗಾದ್ರ ನಾವು ಇರೂದು ಆಗಂಗಿಲ್ರಿ ಸಾವ್ಕಾರ್ರ. ಬಾಡಿಗಿಗಿ ಬಿಡಬೇಕಾಗ್ತದ. ನೀರು ಬರೋ ಮನಿ, ಮ್ಯಾಲ ಸಾವು ಆಗ್ಯದ. ಆ ಲೆಕ್ಕಕ್ಕ ರೇಟ್ ಇಳಸ್ರಿ.”

ಸಾಹುಕಾರ ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದ. “ನೀರಿಗಿ ಇಳಸ್ತೀನ್ರಿ, ಒಪ್ಕೋತೀನಿ. ಸಾವಿಗಿ ಯಾಕ್ರಿ? ದೊಡ್ಡವರ ಸಾವಲ್ಲ, ಸಣ್ಣ ಕೂಸು. ಸಣ್ಣ ಕೂಸಿಗಿ ಅಷ್ಟು ದೋಷ ಹತ್ತಂಗಿಲ್ಲ.”

“ಸಾವು ಸಾವೇ ಅಲ್ರೀ.”

ಮುಂಜಾನೆ ಸಾಹುಕಾರನ ಬಾಯಲ್ಲಿ ನಾಲಾದಲ್ಲಿ ಸತ್ತಿದ್ದ ನನ್ನ ಮಗಳು ಈಗ ಮನೆಯಲ್ಲೇ ಸತ್ತಿದ್ದಳು. ಅದನ್ನು ಒಪ್ಪಿಸುವುದಕ್ಕೆ ನಾನು ಬೇಕಾಗಲಿಲ್ಲ. ಇಬ್ಬರೂ ಸೇರಿ ಅವಳಿಗೆ ದೊಡ್ಡ ದೋಷವೋ ಸಣ್ಣ ದೋಷವೋ ಎಂದು ಚೌಕಾಸಿ ನಡೆಸಿದ್ದರು.

“ಬಾಡಿಗಿಯವರಿಗಿ ಮಕ್ಕಳಿರಂಗಿಲ್ಲೇನ್ರಿ ಮಾಸ್ತರ್ರ?” ಎಂದು ಕೇಳಿದೆ.

ಮಾಸ್ತರ ಚೀಲದಿಂದ ಅಳತೆಯ ಟೇಪು ತೆಗೆದರು. ವ್ಯಾಪಾರ ಕುದುರಿತ್ತು.

“ಸೈಬ್ಯಾ, ತುದಿ ಹಿಡಿ,” ಎಂದ ಸಾಹುಕಾರ. ಸೈಬಣ್ಣ ತುದಿ ಹಿಡಿದು ಬಾಗಿಲ ಮೂಲೆಗೆ ಹೋಗಿ ನಿಂತ. ಮಾಸ್ತರ ಟೇಪು ಬಿಚ್ಚುತ್ತ ಕಿಟಕಿಯ ಕಡೆ ಬಂದರು. ಅಷ್ಟರಲ್ಲಿ ನಾನು ಹೋಗಿ ಆ ಫರ್ಸಿಯ ಮೇಲೆ ಕುಳಿತಿದ್ದೆ.

“ಸ್ವಲ್ಪ ಸರಿಯವ್ವ.”

“ಇಷ್ಟು ಜಾಗ ಬಿಟ್ಟು ಉಳಿದದ್ದು ಅಳೀರಿ,” ಎಂದೆ. “ಇಷ್ಟು ಬಿಟ್ಟು ಉಳಿದದ್ದು ಮಾರ್ಕೋರಿ.”

“ರಂಡಿಗಿ ಸೊಕ್ಕು ನೋಡು!” ಸಾಹುಕಾರ ಕೂಗಿದ. “ಸೈಬ್ಯಾ, ನಿನ್ನ ಹೇಣ್ತೀನ ಎಳದು ಹೊರಗ ಹಾಕಲೇ!”

ಸೈಬಣ್ಣ ಟೇಪಿನ ತುದಿ ಬಿಟ್ಟ. ಅದು ಸರ್ರನೆ ಸುತ್ತಿಕೊಂಡು ಮಾಸ್ತರ ಕೈಗೆ ಬಡಿಯಿತು. ಸೈಬಣ್ಣ ನಡೆದು ಬಂದು, ನನ್ನ ಪಕ್ಕದಲ್ಲಿ ಗೋಡೆಯ ಹಸಿ ಬಣ್ಣಕ್ಕೆ ಬೆನ್ನು ಕೊಟ್ಟು ಕುಳಿತ.

“ನನ್ನ ಜಾಗಾನೂ ಬಿಟ್ಟು ಅಳೀರಿ ಸಾವ್ಕಾರ್ರ,” ಎಂದ.