ಒಳಗಿಂದ ಸವೆದ ಎಡಗಾಲು

ನಾನು ಏಳು ಸೀಟಿನ ಒಂದು ಡೀಸೆಲ್ ಗಾಡಿ. ನೋಡಲು ಗೂಳಿಯಂತಿದ್ದರೂ ಹುಟ್ಟಾ ಪುಕ್ಕಲು. ಕಾರ್ಖಾನೆಯಲ್ಲಿ ಚಕ್ರ ತೊಡಿಸಿ ನೆಲಕ್ಕಿಳಿಸಿದ ದಿನವೇ, ಈ ನಾಲ್ಕು ರಬ್ಬರಿನ ಕಾಲುಗಳನ್ನು ನಂಬಿ ಜನರನ್ನು ಹೊತ್ತು ಓಡುವುದು ಹೇಗಪ್ಪಾ ಎಂದು ನನ್ನ ಎದೆ ಡವಡವ ಹೊಡೆದುಕೊಂಡಿತು. ಅಲ್ಲಿದ್ದವರು ಅದನ್ನು ಕೇಳಿ, ಎಂಜಿನ್ ಚೆನ್ನಾಗಿದೆ ಎಂದು ಬರೆದುಕೊಂಡರು.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರರು. ಎರಡು ವರ್ಷ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಮುದ್ದಿನಿಂದ ನೋಡಿಕೊಂಡರು. ಆಮೇಲೆ ಅವರ ಭಾವಮೈದುನನ ಪಾಲಾದೆ. ಆ ಪುಣ್ಯಾತ್ಮ ಗೋದಾಮಿನ ಗೇಟಿಗೆ ನನ್ನನ್ನು ಉಜ್ಜಿದ. ಬಲಗಡೆಯ ನಡುಬಾಗಿಲು ಕಚ್ಚಿಕೊಂಡದ್ದು ಮತ್ತೆ ತೆರೆಯಲೇ ಇಲ್ಲ. ಅದೇ ಸ್ಥಿತಿಯಲ್ಲಿ ನಾನು ಕಲಘಟಗಿಯ ಅಡಿವೆಪ್ಪನ ಮನೆಗೆ ಬಂದೆ.

ಅಡಿವೆಪ್ಪನ ಹೆಂಡತಿ ನೀಲವ್ವ ಮದುವೆ ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಕೆಲಸ ಹಿಡಿದಿದ್ದಳು. ಜೊತೆಗೆ ಇನ್ನೂ ನಾಲ್ವರು ಹೆಂಗಸರು. ಅವರಲ್ಲಿ ಹಿರಿಯಳು ಹೊನ್ನವ್ವ. ಐವರನ್ನೂ ಕರೆದೊಯ್ಯುವುದು ಅಡಿವೆಪ್ಪನ ಕೆಲಸ, ಅಂದರೆ ನನ್ನ ಕೆಲಸ. ಬಲಬಾಗಿಲು ತೆರೆಯದ್ದರಿಂದ ಕಬ್ಬಿಣದ ಹಂಚು, ಒಲೆ, ಹಿಟ್ಟಿನ ಚೀಲ ಎಲ್ಲ ಎಡಗಡೆಯಿಂದಲೇ ಏರಿ ಎಡಗಡೆಯಲ್ಲೇ ಕೂರುತ್ತಿದ್ದವು. ವರ್ಷಗಟ್ಟಲೆ ಹೀಗೆ ವಾಲಿಕೊಂಡೇ ಓಡಿ, ಒಂದು ದಿನ ಗುಂಡಿಗೆ ಬಿದ್ದಾಗ ನನ್ನ ಎಡ ಮುಂಗಾಲು ಸೊಟ್ಟಗಾಯಿತು. ಅಂದಿನಿಂದ ಆ ಟೈರು ಒಳಮಗ್ಗುಲಲ್ಲಿ ಮಾತ್ರ ಸವೆಯತೊಡಗಿತು.

ಹೊರಮಗ್ಗುಲು ಮಾತ್ರ ಮದುವೆ ಗಂಡಿನಂತಿತ್ತು! ಶುಭಕಾರ್ಯಕ್ಕೆ ಹೋಗುವ ಗಾಡಿ ಲಕ್ಷಣವಾಗಿರಬೇಕೆಂದು ಅಡಿವೆಪ್ಪ ಪ್ರತಿ ಸಲವೂ ನಾಲ್ಕೂ ಟೈರಿಗೆ ಕಪ್ಪು ಪಾಲಿಷ್ ಬಳಿಯುತ್ತಿದ್ದ. ಬಳಿದು, ದೂರ ನಿಂತು ನೋಡಿ ಖುಷಿಪಡುತ್ತಿದ್ದ. ಬಗ್ಗಿ ಒಳಗೆ ನೋಡಪ್ಪಾ ಎಂದು ನಾನು ಒಳಗೊಳಗೇ ಕೂಗಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಸದ್ದು ಶುರುವಾಯಿತು. ಮೊದಲು ಎಂಜಿನ್ನಿನಲ್ಲಿ ಟಕಟಕ. ಅದು ನಿಜವಾದ ಕಾಯಿಲೆಯೇ, ಗ್ಯಾರೇಜಿನವರು ಒಂದೇ ದಿನದಲ್ಲಿ ಸರಿಮಾಡಿದರು. ಆದರೆ ವೇಗ ಹಿಡಿದಾಗ ಬರುವ ಗುಂಯ್ ಎನ್ನುವ ಸದ್ದು ಹೋಗಲಿಲ್ಲ. ಅಡಿವೆಪ್ಪ ಮತ್ತೆರಡು ಸಲ ಎಂಜಿನ್ ಬಿಚ್ಚಿಸಿದ. ಓಡುವಾಗ ಗೇರು ತೆಗೆದರೂ ಅದೇ ಗುಂಯ್. ಅದು ಎಂಜಿನ್ನಿನದಲ್ಲ ಎಂದು ತಿಳಿಯಲು ಅಷ್ಟು ಸಾಕಿತ್ತು. ಆದರೆ ಗ್ಯಾರೇಜಿನಲ್ಲಿ ಎಲ್ಲರೂ ಬಾನೆಟ್ ಎತ್ತಿ ತಲೆ ತೂರಿಸಿದರೇ ಹೊರತು ಕಾಲಿನ ಕಡೆ ಒಬ್ಬರೂ ಬಗ್ಗಲಿಲ್ಲ. ನನಗೋ ದಿನವೂ ಪ್ರಾಣಸಂಕಟ.

ಅಂಥದ್ದರಲ್ಲಿ ಅಂಕೋಲೆಯ ಮದುವೆ ಗೊತ್ತಾಯಿತು. ಹಾದಿಯಲ್ಲಿ ಅರಬೈಲ್ ಘಾಟಿ. ಉದ್ದದ ಇಳಿಜಾರು, ತಿರುವಿನ ಮೇಲೆ ತಿರುವು, ಪಕ್ಕದಲ್ಲಿ ಕಣಿವೆ. ಅಲ್ಲಿ ಟೈರು ಸಿಡಿದರೆ ಐವರು ಹೆಂಗಸರ ಗತಿಯೇನು? ಹೊರಡುವ ಬೆಳಿಗ್ಗೆ ನಾನು ಸ್ಟಾರ್ಟ್ ಆಗದೆ ಹಟ ಹಿಡಿದೆ. ಅಡಿವೆಪ್ಪ ನೂಕಿಸಿ ಸ್ಟಾರ್ಟ್ ಮಾಡಿಸಿದ.

ಯಲ್ಲಾಪುರದಲ್ಲಿ ಚಹಕ್ಕೆ ನಿಲ್ಲಿಸಿದರು. ಹೊನ್ನವ್ವ ನನ್ನ ನೆರಳಲ್ಲಿ ಕೂತು ಎಲೆ ಹಾಕಿಕೊಳ್ಳುವಾಗ ಅಡಿಕೆಯ ಚೀಲ ಜಾರಿ ಎಡ ಮುಂಚಕ್ರದ ಹಿಂದೆ ಬಿತ್ತು. ಅದಕ್ಕೆಂದು ಕೈ ತೂರಿಸಿದವಳ ಅಂಗೈ ಟೈರಿನ ಒಳಮಗ್ಗುಲಿಗೆ ತಾಕಿತು. ಐವತ್ತು ವರ್ಷ ರೊಟ್ಟಿ ಬಡಿದ ಅಂಗೈ ಅದು. ಅಲ್ಲೇ ನಿಂತಿತು. ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಎರಡು ಸಲ ಸವರಿತು.

"ನೀಲಾ, ಇಲ್ಲಿ ಬಾರವಾ. ಇದು ಹೊರಗ ದಪ್ಪ ಐತಿ, ಒಳಗ ತೆಳ್ಳಗ ಆಗೇತಿ. ಹಿಂಗ ಬಡದ ರೊಟ್ಟಿ ಹಂಚಿನ ಮ್ಯಾಲ ಹಾಕಿದ್ರ ಹರದ ಹೋಗತೈತಿ."

ಅಡಿವೆಪ್ಪ ನಕ್ಕ. "ಚಿಗವ್ವಾ, ರೊಟ್ಟಿ ನೀವು ನೋಡ್ಕೊಳ್ರಿ, ಗಾಡಿ ನನಗ ಬಿಡ್ರಿ. ಮೂರ ಸಲ ಎಂಜಿನ್ ಬಿಚ್ಚಿಸೇನಿ. ಹತ್ತರಿ ಲಗೂನ, ಸಂಜಿಕ ಐನೂರು ರೊಟ್ಟಿ ಆಗಬೇಕು."

ನೀಲವ್ವ ಬಾಗಿಲು ತೆಗೆದು ಹಿಟ್ಟಿನ ಚೀಲವೊಂದನ್ನು ರಸ್ತೆಬದಿಗೆ ಇಳಿಸಿದಳು. ಆಮೇಲೆ ಇನ್ನೊಂದು.

"ಇದೇನ ನೀಲಾ?"

"ಆಕಿ ಕೈ ಸುಳ್ಳ ಹೇಳಿದ್ದು ನಾ ನೋಡಿಲ್ಲ. ನೀವು ಗಾಡಿ ತಗೊಂಡು ಹೋಗ್ರಿ. ನಾವು ಬಸ್ಸಿಗಿ ಬರ್ತೀವಿ."

ಉಳಿದವರೂ ಚೀಲದ ಪಕ್ಕ ಹೋಗಿ ನಿಂತರು. ಅಡಿವೆಪ್ಪನಿಗೆ ನಾಲ್ಕು ಜನರ ಮುಂದೆ ಅವಮಾನವಾಯಿತು. ಸಿಟ್ಟಿನಿಂದಲೇ ನೆಲಕ್ಕೆ ಮಲಗಿ ನನ್ನ ಕೆಳಗೆ ತಲೆ ಹಾಕಿ, ಹೊನ್ನವ್ವನ ಕೈ ಮುಟ್ಟದ ಒಳತುದಿಯವರೆಗೆ ಕೈ ಚಾಚಿದ. ಹೊರಗೆ ಬಂದ ಬೆರಳಿನಲ್ಲಿ ರಕ್ತವಿತ್ತು. ರಬ್ಬರು ಮುಗಿದು ತಂತಿ ಎದ್ದಿತ್ತು. ಅವನು ಎದ್ದು, ಟೈರು ಅಂಗಡಿ ಎಲ್ಲಿದೆ ಎಂದು ಚಹದವನನ್ನು ಕೇಳಿದ.

ಆ ಊರಿನ ಟೈರು ಅಂಗಡಿಯ ಮೌಲಾಸಾಬರು ಚಕ್ರ ಬಿಚ್ಚಿ ತೋರಿಸಿದರು. "ಹೊರಗ ಕರೇ ಬಣ್ಣ ಬಳದ್ರ ಒಳಗಿಂದು ಕಾಣತೈತೇನ್ರಿ?"

"ಮತ್ತ ಎಂಜಿನ್ ಸದ್ದು?"

"ಎಂಜಿನ್ ಅಲ್ರೀ, ಇದ ಒದರತಿತ್ತು."

ಹೊಸ ಟೈರು ಬಂತು, ಸೊಟ್ಟ ಕಾಲು ನೆಟ್ಟಗಾಯಿತು. ಘಾಟಿಯನ್ನು ನಾನು ಸದ್ದಿಲ್ಲದೆ ಇಳಿದೆ. ಕೆಳಗೆ ತಲುಪಿದ ಮೇಲೆ ಅಡಿವೆಪ್ಪ ಗಾಡಿ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟ. ನೀಲವ್ವ ಬೆನ್ನ ಮೇಲೆ ಕೈ ಇಟ್ಟು, "ಹೊತ್ತಾತು, ನಡೀರಿ" ಎಂದಳು.

ಆಮೇಲೆ ಆರು ವರ್ಷ ದುಡಿದೆ. ಈಗ ಅಡಿವೆಪ್ಪನ ಹಿತ್ತಿಲಲ್ಲಿ, ಬೇವಿನ ಮರದ ಕೆಳಗೆ, ಚಕ್ರಗಳಿಲ್ಲದೆ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ನನಗಿನ್ನು ಬೀಳುವ, ಸಿಡಿಯುವ ಭಯವಿಲ್ಲ. ಆದರೂ ಹುಟ್ಟುಗುಣ ಹೋಗಿಲ್ಲ. ಕೂಗಾಡುವವರ ಕಷ್ಟ ಹೇಗೋ ಯಾರ ಕಿವಿಗಾದರೂ ಬೀಳುತ್ತದೆ. ನನ್ನ ಚಿಂತೆಯೆಲ್ಲ ಸುಮ್ಮನೆ ಸವೆಯುವವರದ್ದು.

ಈಗ ಹೆಂಗಸರು ಬೇರೆ ಗಾಡಿಯಲ್ಲಿ ಹೋಗುತ್ತಾರೆ. ಗಾಡಿ ಹೊಸದು, ರಸ್ತೆ ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಪ್ರಯೋಜನವಿಲ್ಲ. ಸಂಜೆ ಅದು ಬಂದು ನಿಂತಾಗ ಎಣಿಸತೊಡಗುತ್ತೇನೆ. ಒಬ್ಬಳು ಇಳಿದಳು. ಇಬ್ಬರು, ಮೂವರು, ನಾಲ್ವರು. ಹೊನ್ನವ್ವ ಯಾವಾಗಲೂ ಕೊನೆ, ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿಯುತ್ತಾಳೆ. ಅವಳ ಎರಡೂ ಕಾಲು ನೆಲ ಮುಟ್ಟುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.