ಬಿಸಿಯಾದರೆ ನಿಲ್ಲುವ ಕಾರು

"ಮಾರೋ ಮುಂಚೆ ಒಂದ್ಸಲ ನೋಡು. ಇದು ನಿಜವಾಗ್ಲೂ ದಾರೀಲಿ ನಿಲ್ಲುತ್ತಾ ಅಂತ ನನಗೆ ಗೊತ್ತಾಗ್ಬೇಕು" ಎಂದು ಅಕ್ಕ ಕಾರಿನ ಕೀಯನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟು ಹೋದಳು.

ಅವಳಿಗೆ ಗೊತ್ತಾಗಬೇಕಾದದ್ದು ಕಾರಿನ ವಿಷಯವಲ್ಲ, ಮಗನ ವಿಷಯ ಎಂದು ಮೆಕ್ಯಾನಿಕ್ ತಮ್ಮನಿಗೆ ತಿಳಿಯದ್ದೇನಲ್ಲ. ಬಾವನಿಗೆ ಎದೆನೋವು ಬಂದ ಸಂಜೆ ಅವರನ್ನು ಇದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನು ಆ ಮಗ, ಇವನ ಸೋದರಳಿಯ. ಅರ್ಧ ದಾರಿಯಲ್ಲಿ ಕಾರು ಆಫ್ ಆಯಿತು, ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ, ಬೇರೆ ಗಾಡಿ ಸಿಗುವಷ್ಟರಲ್ಲಿ ಅಪ್ಪ ಸೀಟಿನಲ್ಲೇ ಹೋಗಿಬಿಟ್ಟರು ಎಂದು ಅವನು ಹೇಳಿದ್ದ. ಮಾರನೆಯ ಬೆಳಿಗ್ಗೆ ಅಕ್ಕ ತಾನೇ ಹೋಗಿ ಕೀ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಗುರುಗುಟ್ಟಿತು. ಅವತ್ತಿನಿಂದ ತಾಯಿ ಮಗನಿಗೆ ಮಾತಿಲ್ಲ. ಹೆದರಿ ಕೈಕಾಲು ಬಿಟ್ಟು ಕೂತುಬಿಟ್ಟ, ಆಮೇಲೆ ತಪ್ಪನ್ನು ಕಾರಿನ ಮೇಲೆ ಹಾಕಿದ ಎಂದು ಕಂಡಕಂಡವರ ಮುಂದೆ ಆಡಿದಳು. ಅವನು ಎದುರಾಡದೆ ಬಟ್ಟೆಬರೆ ಕಟ್ಟಿಕೊಂಡು ಕೆಲಸದ ಜಾಗದ ಹತ್ತಿರ ರೂಮು ಹಿಡಿದ.

ಮೆಕ್ಯಾನಿಕ್ ಬಾನೆಟ್ ಮುಚ್ಚಿ ಎಂಜಿನ್ ಓಡಲು ಬಿಟ್ಟ. ಹಳೇ ಕಾರಿನ ಕಾಯಿಲೆ ತಣ್ಣಗಿದ್ದಾಗ ತಲೆ ಎತ್ತುವುದಿಲ್ಲ. ಫ್ಯಾನ್ ತಿರುಗಿ ನಿಂತಿತು, ಮತ್ತೆ ತಿರುಗಿತು. ಆಮೇಲೆ ಒಂದು ಕೆಮ್ಮೂ ಇಲ್ಲದೆ ಎಂಜಿನ್ ಸತ್ತಿತು. ಕೀ ತಿರುಗಿಸಿದರೆ ಬರೀ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ. ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಹೋಗಿರಬೇಕು ಎಂದುಕೊಂಡು ಹೊಸದು ಹಾಕಿದ. ಬಿಸಿಯಾಯಿತು, ಮತ್ತೆ ಸತ್ತಿತು.

ಇನ್ನು ಉಳಿದದ್ದು ವೈರು. ಮೀಟರ್ ಹಿಡಿದು ಸೆನ್ಸರಿನಿಂದ ಮೇಲಕ್ಕೆ ಹುಡುಕುತ್ತಾ ಬಂದ. ಎಂಜಿನ್ ಹಿಂದೆ, ಸುಡುವ ಹೊಗೆ ಪೈಪಿನ ಪಕ್ಕದಲ್ಲಿ, ಅಚ್ಚುಕಟ್ಟಾಗಿ ಸುತ್ತಿದ ಟೇಪು. ಬಿಚ್ಚಿದರೆ ಒಳಗೆ ಗೇಣುದ್ದದ ದಪ್ಪ ಕೆಂಪು ವೈರು. ಕಾರಿನ ವೈರಿನೊಳಗೆ ಕೂದಲಿನಂಥ ಎಳೆಗಳಿರುತ್ತವೆ, ಎಷ್ಟು ಅಲುಗಾಡಿದರೂ ತಡೆಯುತ್ತವೆ. ಇದು ಮನೆಯ ಗೋಡೆಯೊಳಗೆ ಎಳೆಯುವ ಒಂಟಿ ತಂತಿ. ಅಲುಗಿ ಅಲುಗಿ ಒಳಗೇ ಮುರಿದಿತ್ತು. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತಿದ್ದವು, ಕಾದಾಗ ಬಿಟ್ಟುಕೊಳ್ಳುತ್ತಿದ್ದವು.

ಮೆಕ್ಯಾನಿಕ್ ಆ ತುಂಡನ್ನು ಕತ್ತರಿಸಿ ತೆಗೆದು ಮೇಜಿನ ಮೇಲಿಟ್ಟ. ಬಾವ ಜೀವಮಾನವೆಲ್ಲ ಮನೆ ವೈರಿಂಗ್ ಮಾಡಿದವರು. ನೀರಿನ ಪಂಪಾಗಲಿ ಮಿಕ್ಸಿಯಾಗಲಿ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಬಲ್ಬ್ ಹೋದರೆ ಕಾರನ್ನೇ ಬದಲಾಯಿಸು ಅನ್ನುವ ಜನ ನೀವು ಎಂದು ಇವನನ್ನು ಛೇಡಿಸುತ್ತಿದ್ದರು.

ಅಳಿಯನಿಗೆ ಫೋನ್ ಮಾಡಿದ. ಸಿಕ್ಕಿದ ಕೆಂಪು ವೈರಿನ ವಿಷಯ ಹೇಳಿದ.

"ಹಳೇ ವೈರ್‌ನ ಇಲಿ ಕಡಿದಿತ್ತು ಮಾವ. ಅಪ್ಪ ವೈರ್ ಹಾಕುವಾಗ ಟಾರ್ಚ್ ಹಿಡಿದಿದ್ದೋನು ನಾನೇ. ಅಮ್ಮ ನನ್ನನ್ನ ಬೈಕೊಂಡಿರ್ಲಿ ಬಿಡಿ. ಅಪ್ಪನ್ನ ಬೈಕೊಂಡು ಬದುಕೋದು ಬೇಡ. ಹೇಳ್ಬೇಡಿ."

ಸಂಜೆ ಅಕ್ಕ ಬಂದಾಗ ತಮ್ಮ, ಸೆನ್ಸರ್ ಹೋಗಿತ್ತು, ಮಗ ಹೇಳಿದ್ದು ನಿಜ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತನ್ನು ಗಡಿಬಿಡಿಯಲ್ಲಿ ಒಪ್ಪಿಸಿದ. ವೈರಿನ ತುಂಡನ್ನು ಮುಚ್ಚಿಡಬೇಕೆಂಬುದು ಮಾತ್ರ ಹೊಳೆದಿರಲಿಲ್ಲ. ಅಕ್ಕ ಅದನ್ನು ಮೇಜಿನಿಂದ ಎತ್ತಿಕೊಂಡಳು. ವೈರಿಂಗ್‌ನವರ ಹೆಂಡತಿ, ಯಾವ ವೈರು ಎಲ್ಲಿಗೆ ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಅವನಿಗೆ ಗೊತ್ತಿತ್ತಾ?"

ತಮ್ಮ ಹೌದೆಂದು ತಲೆಯಾಡಿಸಿದ. ಅಕ್ಕ ಟೈರುಗಳ ಗುಡ್ಡೆಯ ಮೇಲೆ ಕುಸಿದಳು. ಅಳಲಿಲ್ಲ. ತಮ್ಮನೇ ಅಳಿಯನ ನಂಬರ್ ಒತ್ತಿ ಫೋನನ್ನು ಅವಳ ಕೈಗಿಟ್ಟ. "ಹಲೋ, ಮಾವ?" ಎಂಬ ದನಿ ಎರಡು ಸಲ ಕೇಳಿತು. ಅವಳು ಫೋನನ್ನು ವಾಪಸ್ಸು ಚಾಚಿದಳು.

"ಅಮ್ಮ ಅಲ್ಲಿದ್ದಾರಾ?" ಎಂದ ಅಳಿಯ. ಹೂಂ ಎಂದದ್ದಕ್ಕೆ, "ಹೇಳ್ಬೇಡಿ ಅಂದಿದ್ದೆ" ಎಂದ. ಲೈನು ಕಟ್ಟಾಯಿತು.

"ಏನಂದ?"

"ನಿನ್ನ ಮೇಲೆ ಕೋಪ ಇಲ್ಲ ಅಕ್ಕ, ಅವನಿಗೆ" ಎಂದ ಮೆಕ್ಯಾನಿಕ್. "ನನ್ನ ಮೇಲೆ."